ಸ್ವಂತ ಮನೆಯ ಹೆರಿಗೆಗೆ ವಿಮೆ ಇಲ್ಲ

ಸೂಲಗಿತ್ತಿಯ ಮನೆಯಲ್ಲಿ ಊಟಕ್ಕೆ ಕೂತರೆ ತಟ್ಟೆಗೆ ಅನ್ನ, ಬೇಳೆ, ಬೇಯಿಸಿದ ತರಕಾರಿ ಬೀಳುತ್ತಿತ್ತು. ನಂಚಿಕೊಳ್ಳುವುದಕ್ಕೆ ಅವತ್ತಿನ ಹೆರಿಗೆಯ ಕಥೆ. ಯಾವಳು ಗಂಡನನ್ನು ಎಂಥೆಂಥ ಮಾತಿನಲ್ಲಿ ಬೈದಳು, ಯಾವ ಗಂಡ ಬಾಗಿಲ ಹತ್ತಿರವೇ ತಲೆಸುತ್ತಿ ಬಿದ್ದ, ಯಾವ ಅತ್ತೆ ಒಳಗೆ ನುಗ್ಗಲು ಹೋಗಿ ಬೈಸಿಕೊಂಡಳು, ಎಲ್ಲವೂ ಬಿಸಿಬಿಸಿಯಾಗಿ ಮೇಜಿಗೆ ಬರುತ್ತಿತ್ತು. ಅವಳು ಹೆಸರು ಮಾತ್ರ ಹೇಳುತ್ತಿರಲಿಲ್ಲ. ಅದು ವೃತ್ತಿಯ ಮರ್ಯಾದೆ ಎಂದು ಅವಳ ನಂಬಿಕೆ. ಆದರೆ “ಡೈರಿ ಪಕ್ಕದ ಹಸಿರು ಬಾಗಿಲ ಮನೆ” ಎಂದ ಮೇಲೆ ಹೆಸರು ಕಟ್ಟಿಕೊಂಡು ಯಾರಿಗೆ ಏನಾಗಬೇಕಿತ್ತು!

ಸುಮ್ಮನೆ ಹೇಳಬಾರದು, ಅವಳಷ್ಟು ಚೆನ್ನಾಗಿ ಕಥೆ ಹೇಳುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅವಳಷ್ಟು ಚೆನ್ನಾಗಿ ಹೆರಿಗೆ ಮಾಡಿಸುವವರೂ ಕಡಿಮೆಯೇ. ಪರೀಕ್ಷೆ ಪಾಸಾಗಿ, ಲೈಸೆನ್ಸ್ ಪಡೆದು, ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತ ಅವಳ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಗಂಡನದು ಬೀಗ ರಿಪೇರಿ. ಮನೆಯ ಮುಂಭಾಗದ ಕೋಣೆಯೇ ಅವನ ಅಂಗಡಿ. ಮಗ ಊರೊಳಗಿನ ಬಸ್ಸು ಓಡಿಸುತ್ತಿದ್ದ. ಸೊಸೆ ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಕೌಂಟರಿನಲ್ಲಿ ಕೂರುತ್ತಿದ್ದಳು. ಇಡೀ ದಿನ ಜನರ ಬೈಗುಳ ಕೇಳಿ ಕೇಳಿ ಮನೆಗೆ ಬಂದರೆ ಮಾತು ಕಡಿಮೆ ಆಡುತ್ತಿದ್ದಳು. ಇನ್ನು ಬೀಗದವನ ತಾಯಿ, ಎಲ್ಲರಿಗೂ ಅಜ್ಜಿ. ಅವಳಿಗೆ ಕಿವಿ ಅರ್ಧ ಮಾತ್ರ ಕೇಳುತ್ತಿತ್ತು, ಬಾಯಿ ಮಾತ್ರ ಪೂರ್ತಿ ಇತ್ತು.

ಸೊಸೆಗೆ ಈಗ ಏಳು ತಿಂಗಳು. ಸೂಲಗಿತ್ತಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಊರಿನ ಅರ್ಧ ಮಕ್ಕಳನ್ನು ಮೊದಲು ಮುಟ್ಟಿದ ಕೈ ಅವಳದು. ಸ್ವಂತ ಮೊಮ್ಮಗುವನ್ನು ಆ ಕೈಯಲ್ಲೇ ಹಿಡಿಯಬೇಕು ಎನ್ನುವುದೊಂದೇ ಅವಳಿಗೆ ಉಳಿದಿದ್ದ ಆಸೆ. ಅದನ್ನು ಸೊಸೆಯ ಹತ್ತಿರ ಕೇಳಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ. ಬೀಗದವನ ಮನೆಯಲ್ಲಿ ಬೀಗ ಕೆಟ್ಟರೆ ರಿಪೇರಿಗೆ ಯಾರನ್ನು ಕರೆಯೋಣ ಎಂದು ಯಾರಾದರೂ ಕೇಳುತ್ತಾರೆಯೇ?

ಅಂಥದ್ದರಲ್ಲಿ ಒಂದು ಭಾನುವಾರ ವಿಮೆಯವನು ಬಂದ.

ವಿಮೆಯವನಿಗೆ ಆ ಮನೆಯಲ್ಲಿ ವಿಶೇಷ ಮರ್ಯಾದೆ. ಕೆಲವು ವರ್ಷಗಳ ಹಿಂದೆ ಒಂದು ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಂಡು, ಹೊರಗೆ ತೆಗೆಯುವಾಗ ಹೆಗಲಿನ ಸಣ್ಣ ಎಲುಬು ಮುರಿದಿತ್ತು. ಎಲುಬು ಕೆಲವೇ ವಾರಗಳಲ್ಲಿ ಕೂಡಿಕೊಂಡಿತು, ಆದರೆ ಮಗುವಿನ ಮನೆಯವರ ಸಿಟ್ಟು ಕೂಡಿಕೊಳ್ಳಲಿಲ್ಲ. ದೂರು ಕೊಟ್ಟರು. ಆಗ ವಕೀಲರನ್ನು ಕೊಟ್ಟು, ಕಾಗದ ಪತ್ರ ನೋಡಿಕೊಂಡು, ಅವಳ ತಪ್ಪಿಲ್ಲ ಎಂದು ಸಾಧಿಸಿ ಕೊಟ್ಟಿದ್ದು ಈ ವಿಮೆಯೇ. ವಿಮೆ ಇಲ್ಲದ ಸೂಲಗಿತ್ತಿಗೆ ಲೈಸೆನ್ಸೂ ಇಲ್ಲ ಎನ್ನುವುದು ಕಾನೂನು. ಕಾನೂನು ಇಲ್ಲದಿದ್ದರೂ ಅವಳು ಅದನ್ನು ಬಿಡುತ್ತಿರಲಿಲ್ಲ. ವಿಮೆಯವನು ಬಂದರೆ ಮೊದಲ ಲೋಟ ಕಾಫಿ ಅವನಿಗೆ, ಉಳಿದದ್ದು ಗಂಡನಿಗೆ.

ವಿಮೆಯವನು ಕಾಫಿ ಕುಡಿದು, ಸಹಿ ಹಾಕಿಸಿಕೊಂಡು, ಎದ್ದು ಹೋಗುವವನಂತೆ ಮಾಡಿ ಮತ್ತೆ ಕೂತ.

“ಮೇಡಂ, ಮನೆಯಲ್ಲೇ ಒಂದು ಹೆರಿಗೆ ಇದೆಯಂತೆ?”

“ಇದೆಯಲ್ಲ!” ಸೂಲಗಿತ್ತಿಯ ಮುಖ ಅರಳಿತು. “ಇನ್ನು ಎರಡು ತಿಂಗಳು. ನಾನೇ ಮಾಡಿಸ್ತೀನಿ.”

“ಅದೇ ಆಗೋಲ್ಲ ಮೇಡಂ. ಒಂದೇ ಮನೆಯಲ್ಲಿರೋ ಸಂಬಂಧಿಕರ ಹೆರಿಗೆಗೆ ನಮ್ಮ ವಿಮೆ ಇಲ್ಲ.”

“ಯಾಕಂತೆ?”

“ನೋಡಿ, ಏನಾದ್ರೂ ಹೆಚ್ಚುಕಮ್ಮಿ ಆಯ್ತು ಅಂದ್ಕೊಳ್ಳಿ. ದೂರು ಕೊಡೋರು ನಿಮ್ಮ ಮಗ. ಉತ್ತರ ಕೊಡೋರು ನೀವು. ಪರಿಹಾರ ಬಂದ್ರೆ ಅದೇ ಮನೆಗೆ. ಈ ಜೇಬಿಂದ ತೆಗೆದು ಆ ಜೇಬಿಗೆ ಹಾಕೋಕೆ ಕಂಪನಿ ಯಾಕೆ ಬೇಕು?”

ಬೀಗದವನಿಗೆ ನಗು ತಡೆಯಲಾಗಲಿಲ್ಲ. “ಲೋ, ನಿಮ್ಮಮ್ಮನ ಮೇಲೆ ಕೇಸ್ ಹಾಕ್ತೀಯೇನೋ?” ಎಂದು ಮಗನನ್ನು ಕೇಳಿದ.

“ಹಾಕ್ಬಹುದು. ನಿನ್ನೆ ಬೇಳೆಗೆ ಉಪ್ಪೇ ಇರ್ಲಿಲ್ಲ,” ಎಂದ ಮಗ.

“ಏನಂತೆ? ಯಾರಿಗೆ ಜೈಲಂತೆ?” ಎಂದಳು ಅಜ್ಜಿ.

“ಯಾರಿಗೂ ಇಲ್ಲ, ಸುಮ್ನಿರಿ ಅತ್ತೆ,” ಎಂದು ಸೂಲಗಿತ್ತಿ ಅಜ್ಜಿಯ ಮೇಲೆ ಹರಿಹಾಯ್ದಳು. ಆಮೇಲೆ ವಿಮೆಯವನ ಕಡೆ ತಿರುಗಿದಳು. “ಇದನ್ನ ನಿಮಗೆ ಹೇಳಿದ್ದು ಯಾರು?”

“ಯಾರೋ ಫೋನ್ ಮಾಡಿ ವಿಚಾರಿಸಿದ್ರಂತೆ. ಹೆಂಗಸಿನ ದನಿ. ಹೆಸರು ಹೇಳ್ಲಿಲ್ಲ.”

ಸೂಲಗಿತ್ತಿಗೆ ಹೆಸರು ಬೇಕಾಗಿರಲಿಲ್ಲ. ಸೇತುವೆಯ ಆಚೆ ಇನ್ನೊಬ್ಬ ಸೂಲಗಿತ್ತಿ ಇದ್ದಳು. ಮಾತು ಕಡಿಮೆಯಾದ್ದರಿಂದ ಊರೆಲ್ಲ ಅವಳನ್ನು ಮೂಕಮ್ಮ ಎನ್ನುತ್ತಿತ್ತು. ಇಬ್ಬರೂ ಜೊತೆಯಲ್ಲಿ ಕಲಿತವರು. ಒಂದು ಸಲ ಸೂಲಗಿತ್ತಿಯರ ಸಭೆಯಲ್ಲಿ ಇವಳು ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಾಗ ಮೂಕಮ್ಮ ನಡುವೆಯೇ ಎದ್ದು ಹೊರಟುಹೋಗಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

“ಅವಳೇ. ಅವಳಲ್ಲದೆ ಇನ್ಯಾರು? ಹೊಟ್ಟೆಕಿಚ್ಚು!” ಎಂದು ಸೂಲಗಿತ್ತಿ ಲೋಟಗಳನ್ನು ಸದ್ದು ಮಾಡುತ್ತ ಎತ್ತಿಕೊಂಡಳು. ಸೊಸೆ ತಲೆ ತಗ್ಗಿಸಿ ಬಟ್ಟೆ ಮಡಿಸುತ್ತಿದ್ದಳು.

ವಿಮೆಯವನು ಚಪ್ಪಲಿ ಹಾಕಿಕೊಳ್ಳುವಾಗ ಸೂಲಗಿತ್ತಿ ಬಾಗಿಲಿಗೆ ಅಡ್ಡ ನಿಂತಳು.

“ಒಂದೇ ಮನೆ ಅಂದ್ರೆ ಏನ್ರೀ ಅರ್ಥ?”

“ಅಂದ್ರೆ… ಒಂದೇ ಬಾಗಿಲು, ಒಂದೇ ಅಡುಗೆ. ಬೇರೆ ಬಾಗಿಲು, ಬೇರೆ ಒಲೆ ಇದ್ರೆ ಬೇರೆ ಮನೆ.”

ಪಾಪ, ಅವನು ಸುಮ್ಮನೆ ಹೋಗಬಹುದಿತ್ತು.

ಮಾರನೆಯ ಬೆಳಗ್ಗೆ ಸೂಲಗಿತ್ತಿ ಮಹಡಿ ಹತ್ತಿದಳು. ಮೇಲೆ ಒಂದು ಕೋಣೆ ಇತ್ತು. ಹಳೆಯ ಬೀಗಗಳ ಡಬ್ಬಿ, ಮುರಿದ ಕುರ್ಚಿ, ಮಗನ ಸ್ಕೂಲಿನ ಚೀಲ ಎಲ್ಲ ಅಲ್ಲಿ ಬಿದ್ದಿದ್ದವು. ಹೊರಗಡೆಯಿಂದ ಒಂದು ಮೆಟ್ಟಿಲೂ ಇತ್ತು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಗುಡಿಸಿದಳು, ಒರೆಸಿದಳು, ಗಂಡನನ್ನು ಕರೆದು ಒಳಗಿನಿಂದ ಮೇಲಕ್ಕೆ ಹೋಗುವ ಬಾಗಿಲನ್ನು ಮುಚ್ಚಿಸಿದಳು.

“ಹೊರಗಿನ ಬಾಗಿಲಿಗೆ ಒಳ್ಳೇ ಬೀಗ ಹಾಕ್ರೀ.”

“ನಮ್ಮನೆಗೆ ನಾವೇ ಬೀಗ ಹಾಕೋದಾ?”

“ಇನ್ನು ಮೇಲೆ ಅದು ನಮ್ಮನೆ ಅಲ್ಲ. ನಿಮ್ಮ ಮಗನ ಮನೆ.”

“ಬಾಡಿಗೆ ಎಷ್ಟು ಕೇಳ್ಲಿ?” ಎಂದ ಬೀಗದವನು. ಹೆಂಡತಿಯ ಕಣ್ಣು ಕೆಂಪಾದದ್ದನ್ನು ಕಂಡು ಸುಮ್ಮನೆ ಸ್ಕ್ರೂಡ್ರೈವರ್ ತರಲು ಹೋದ.

ಮಗನೂ ಸೊಸೆಯೂ ಎರಡು ಬಕೆಟ್ಟು, ನಾಲ್ಕು ಪಾತ್ರೆ, ಒಂದು ಚಿಕ್ಕ ಗ್ಯಾಸ್ ಒಲೆಯ ಜೊತೆ ಮೇಲಿನ ಕೋಣೆಗೆ ಹೋದರು. ಬೀದಿಯವರಿಗೆ ಹಬ್ಬವೇ ಆಯಿತು. ಅತ್ತೆ ಸೊಸೆಗೆ ಜಗಳವಾಗಿ ಬಸುರಿಯನ್ನು ಮಹಡಿಗೆ ಅಟ್ಟಿದ್ದಾಳೆ ಎಂದು ಡೈರಿಯಲ್ಲಿ ಸುದ್ದಿ ಹಬ್ಬಿತು. ಹಾಲು ತರಲು ಹೋದ ಬೀಗದವನು ಅದನ್ನು ಕೇಳಿಸಿಕೊಂಡು ಬಂದು ಹೆಂಡತಿಗೆ ಒಪ್ಪಿಸಿದ.

“ಅನ್ನಲಿ ಬಿಡಿ. ಜಗಳ ಆಗಿದೆ ಅಂತ ವಿಮೆಯವನ ಕಿವಿಗೂ ಬಿದ್ರೆ ಇನ್ನೂ ಒಳ್ಳೇದು,” ಎಂದಳು ಸೂಲಗಿತ್ತಿ.

ಬೇರೆ ಒಲೆ ಎನ್ನುವುದು ಮಾತಿಗೆ ಸುಲಭ. ಸೊಸೆ ಕಚೇರಿಯಿಂದ ಬಂದು ಮೆಟ್ಟಿಲು ಹತ್ತಿ ಅಕ್ಕಿ ತೊಳೆಯುವಷ್ಟರಲ್ಲಿ ಅತ್ತೆಯ ಪಾತ್ರೆ ಮೇಲೆ ಬಂದಿರುತ್ತಿತ್ತು. “ಬರೀ ಬೇಳೆ ಕಣಮ್ಮ. ಬೇಳೆ ಕೊಟ್ರೆ ಒಂದೇ ಅಡುಗೆ ಅಂತ ಯಾರೂ ಅನ್ನೋಲ್ಲ.” ಮಾರನೆಯ ದಿನ ಅನ್ನ. ಅದರ ಮಾರನೆಯ ದಿನ ಮೊಟ್ಟೆ. ಪಾತ್ರೆಯ ಜೊತೆ ಅತ್ತೆಯ ಕಣ್ಣೂ ಬರುತ್ತಿತ್ತು. ಕಾಲು ಊದಿದೆಯೇ, ಮುಖ ಬಾಡಿದೆಯೇ, ಉಗುರು ಬೆಳ್ಳಗಿದೆಯೇ ಎಂದು ತಲೆಯಿಂದ ಕಾಲಿನವರೆಗೆ ಒಂದು ಸುತ್ತು ಹಾಕಿಯೇ ಕೆಳಗಿಳಿಯುತ್ತಿತ್ತು.

ಮಗನಿಗೆ ಹೊಸ ಸಂಸಾರ ಎರಡೇ ದಿನಕ್ಕೆ ಸಾಕಾಯಿತು. ಬಸ್ಸಿನಿಂದ ಇಳಿದು ಮೊದಲು ಕೆಳಗಿನ ಮೇಜಿನಲ್ಲಿ ಉಂಡು, ಅಮ್ಮನ ಕಥೆ ಕೇಳಿ ನಕ್ಕು, ಆಮೇಲೆ ಮೇಲೆ ಹೋಗಿ ಹೆಂಡತಿಯ ಜೊತೆ ಇನ್ನೊಮ್ಮೆ ಉಣ್ಣುತ್ತಿದ್ದ. ಅವನ ಅಂಗಿಯ ಗುಂಡಿಗಳು ಬಿಗಿಯಾಗತೊಡಗಿದವು. ಆದರೆ ಸೊಸೆ ಮೇಲೆ ಗೆಲುವಾಗಿದ್ದಳು. ಕಿಟಕಿಗೆ ಪರದೆ ಹಾಕಿದಳು, ಮುರಿದ ಕುರ್ಚಿಗೆ ಮೊಳೆ ಹೊಡೆಸಿದಳು, ಆಲೂಗಡ್ಡೆ ಹುರಿಯುತ್ತ ಹಾಡಿಕೊಳ್ಳುತ್ತಿದ್ದಳು. ಕೆಳಗೆ ಪಾತ್ರೆ ತೊಳೆಯುತ್ತಿದ್ದ ಸೂಲಗಿತ್ತಿಗೆ ಆ ಹಾಡು ಕೇಳಿ ಸಂತೋಷವಾಯಿತು. ತನ್ನ ಉಪಾಯ ಫಲಿಸುತ್ತಿದೆ ಎಂದುಕೊಂಡಳು.

ಫಲಿಸಿತು ಕೂಡ. ಕೆಲವು ವಾರಗಳ ನಂತರ ಕರೆಸಿಕೊಂಡಾಗ ವಿಮೆಯವನು ಹೊರಗಿನ ಮೆಟ್ಟಿಲು ಹತ್ತಿ ಬಂದ. ಒಲೆ ನೋಡಿದ, ಬೀಗ ನೋಡಿದ, ಮುಚ್ಚಿದ ಒಳಬಾಗಿಲನ್ನು ದೂಡಿ ನೋಡಿದ.

“ನಮ್ಮ ಆಫೀಸಲ್ಲಿ ನಗ್ತಾರೆ ಮೇಡಂ. ಆದ್ರೆ ನಿಯಮದ ಪ್ರಕಾರ ಇದು ಬೇರೆ ಮನೆ. ಮಾಡಿಸಿ, ವಿಮೆ ಇದೆ.”

“ನೋಡಿದ್ಯಾ!” ಎಂದು ಸೂಲಗಿತ್ತಿ ಸೊಸೆಯ ಗಲ್ಲ ಹಿಡಿದಳು. “ಮೂಕಮ್ಮ ಇನ್ನೆಷ್ಟು ಫೋನ್ ಮಾಡ್ತಾಳೋ ಮಾಡ್ಲಿ!”

ಸೊಸೆ ನಗಲಿಲ್ಲ. ವಿಮೆಯವನು ಇಳಿದು ಹೋಗುವುದನ್ನೇ ಕಾದಳು. ಆಮೇಲೆ ಒಲೆ ಆರಿಸಿ, ಆ ಮೊಳೆ ಹೊಡೆದ ಕುರ್ಚಿಯ ಮೇಲೆ ಮೆಲ್ಲಗೆ ಕೂತಳು.

“ಅತ್ತೆ, ಫೋನ್ ಮಾಡಿದ್ದು ಅವರಲ್ಲ.”

“ಮತ್ಯಾರು?”

“ನಾನು.”

ಸೂಲಗಿತ್ತಿ ಅರ್ಥವಾಗದವಳಂತೆ ನೋಡಿದಳು.

“ಇಂಥಾದ್ದೊಂದು ನಿಯಮ ಇರುತ್ತೆ ಅಂತ ನಮ್ಮ ಆಫೀಸಲ್ಲಿ ಯಾರೋ ಹೇಳಿದ್ರು. ವಿಚಾರಿಸಿದೆ. ಇದೆ ಅಂದ್ರು. ಸದ್ಯ, ನಾನು ಬಾಯಿ ಬಿಡೋದೇ ಬೇಡ, ಅವರೇ ಹೇಳ್ತಾರೆ ಅಂದ್ಕೊಂಡೆ. ನೀವು ಮನೇನೇ ಎರಡು ಮಾಡ್ತೀರ ಅಂತ ನನಗೇನು ಗೊತ್ತು?”

“ನನ್ನ ಕೈ ಮೇಲೆ ನಿನಗೆ ನಂಬಿಕೆ ಇಲ್ವಾ?”

“ಕೈ ಮೇಲೆ ಇದೆ ಅತ್ತೆ.”

“ಮತ್ತೆ?”

“ಬಾಯಿ ಮೇಲೆ ಇಲ್ಲ.”

ಮೆಟ್ಟಿಲ ಮೇಲೆ ನಿಂತಿದ್ದ ಮಗ ಹಾಗೇ ಹಿಂದಕ್ಕೆ ತಿರುಗಿ ಕೆಳಗಿಳಿದುಬಿಟ್ಟ. ಬಸ್ಸಿನಲ್ಲಿ ಎಂಥ ಜಗಳವಾದರೂ ಬಿಡಿಸುತ್ತಿದ್ದವನಿಗೆ ಇದನ್ನು ಬಿಡಿಸುವ ಧೈರ್ಯ ಬರಲಿಲ್ಲ.

“ಹಸಿರು ಬಾಗಿಲ ಮನೆಯವಳು,” ಎಂದಳು ಸೊಸೆ. “ಹೆರಿಗೆ ಹೊತ್ತಲ್ಲಿ ಅವಳು ಏನೇನು ಅಂದ್ಲು, ಹೇಗೆ ಮಂಚದ ಕೆಳಗೆ ತೂರಿಕೊಳ್ಳೋಕೆ ಹೋದ್ಲು ಅಂತ ನೀವು ಹೇಳಿದ್ರಿ. ನಾವೆಲ್ಲ ಬಿದ್ದು ಬಿದ್ದು ನಕ್ವಿ. ಆಮೇಲೊಂದು ದಿನ ಅವಳು ನನ್ನ ಕೌಂಟರಿಗೆ ಬಂದ್ಲು. ಕಂಕುಳಲ್ಲಿ ಮಗು. ನಲ್ಲೀಲಿ ನೀರು ಬರ್ತಿಲ್ಲ ಅಂತ ದೂರು ಕೊಡೋಕೆ. ನನಗೆ ನಗು ಬಂತು ಅತ್ತೆ. ಅವಳ ಮುಖದ ಮುಂದೇನೇ. ಅವಳು ಪಾಪ, ತನ್ನ ಸೀರೇಗೇನಾದ್ರೂ ಅಂಟಿದೆಯಾ ಅಂತ ನೋಡ್ಕೊಂಡ್ಲು. ಅವತ್ತು ನನ್ನ ಮೇಲೆ ನನಗೇ ಅಸಹ್ಯ ಆಯ್ತು.”

“ನಾನು ಯಾರ ಹೆಸರೂ ಹೇಳಿಲ್ಲ!”

“ನನ್ನ ಹೆಸರೂ ಹೇಳೋಲ್ಲ ಬಿಡಿ. ‘ಬೀಗದ ಅಂಗಡಿ ಮೇಲಿನ ಮನೆ’ ಅಂತೀರ.”

ಸೂಲಗಿತ್ತಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. “ಊರಿನವರೆಲ್ಲ ಹುಡುಕ್ಕೊಂಡು ಬರೋ ಕೈ ನಿನಗೊಬ್ಬಳಿಗೆ ಬೇಡವಾಯ್ತು. ಆಗ್ಲಿ ತಾಯಿ. ಯಾರನ್ನ ಬೇಕಾದ್ರೂ ಕರ್ಕೋ,” ಎಂದು ಬೇಳೆಯ ಪಾತ್ರೆಯನ್ನು ತುಂಬಿದ್ದ ಹಾಗೆಯೇ ಎತ್ತಿಕೊಂಡು ಇಳಿದುಹೋದಳು.

ಅವತ್ತಿನಿಂದ ಕೆಳಗಿನ ಮೇಜಿನಲ್ಲಿ ಮಾತು ನಿಂತಿತು. ಸೂಲಗಿತ್ತಿ ಹೆರಿಗೆಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಮುಖ ಊದಿಸಿಕೊಂಡು ಬಡಿಸುತ್ತಿದ್ದಳು. ಸೌಟು ಪಾತ್ರೆಗೆ ತಾಗುವ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ. ಮಗ “ಇವತ್ತು ಏನಾಯ್ತಮ್ಮ?” ಎಂದು ಕೇಳಿದರೆ “ಏನಾಗುತ್ತೆ? ಮಗು ಆಯ್ತು,” ಎನ್ನುತ್ತಿದ್ದಳು.

ಅಜ್ಜಿ ಕೆಲವು ದಿನ ನೋಡಿದಳು. ಒಂದು ದಿನ ತಟ್ಟೆ ತಳ್ಳಿ ಅಳತೊಡಗಿದಳು.

“ಏನಾಯ್ತಮ್ಮ?” ಎಂದು ಬೀಗದವನು ಗಾಬರಿಯಾದ.

“ಅರ್ಧ ಕಿವಿ ಇತ್ತು. ಅದೂ ಹೋಯ್ತು ಕಣೋ. ಅವಳು ಮಾತಾಡ್ತಿದ್ದಾಳೆ, ನನಗೇನೂ ಕೇಳಿಸ್ತಿಲ್ಲ.”

ಸೂಲಗಿತ್ತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆಯ ಕಿವಿಯ ಹತ್ತಿರ ಬಗ್ಗಿ, “ನಿಮ್ಮ ಕಿವಿ ನೆಟ್ಟಗಿದೆ ಅತ್ತೆ. ನನ್ನ ಬಾಯೇ ಮುಚ್ಚಿದೆ,” ಎಂದು ಕೂಗಿದಳು.

ಊಟವಾದ ಮೇಲೆ ಅವಳು ಗಂಡನ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಅವನು ಒಂದು ದೊಡ್ಡ ಬೀಗದ ಹೊಟ್ಟೆ ಬಿಚ್ಚಿ ಕೂತಿದ್ದ.

“ನೀವಾದ್ರೂ ಹೇಳ್ರೀ. ನಾನು ಅಷ್ಟು ಕೆಟ್ಟವಳಾ?”

“ಯಾರಂದ್ರು?”

“ನಾಲ್ಕು ಜನ ನಗ್ಲಿ ಅಂತ ಹೇಳ್ತಿದ್ದೆ. ಅಲ್ಲಿ ರಕ್ತ, ಕಣ್ಣೀರು, ಹೆದರಿಕೆ ನೋಡಿ ಬಂದಿರ್ತೀನಿ. ಮನೇಲಿ ನಗದೇ ಇದ್ರೆ ನಾನು ಹೇಗೆ ಬದುಕ್ಲಿ?”

ಬೀಗದವನು ಸ್ಪ್ರಿಂಗೊಂದನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ನೋಡಿದ. “ಅದೂ ನಿಜಾನೇ. ನಾನೂ ಎಷ್ಟು ಮನೆ ಬೀಗ ತೆಗೆದಿದ್ದೀನಿ. ಎಲ್ಲಿ ಕಬೋರ್ಡು, ಯಾವ ಬೀಗ ಗಟ್ಟಿ, ಯಾವ ಬೀಗ ಹೇರ್‌ಪಿನ್ನಿಗೇ ತೆಗೆಯುತ್ತೆ, ಎಲ್ಲ ಗೊತ್ತು. ನಿನಗೆ ಯಾವತ್ತಾದ್ರೂ ಹೇಳಿದ್ದೀನಾ?”

“ಇಲ್ಲ.”

“ಹೇಳಿದ್ರೆ ಒಳ್ಳೇ ಕಥೆಗಳೇ. ಏನ್ ಮಾಡೋದು,” ಎಂದು ಅವನು ಸ್ಪ್ರಿಂಗನ್ನು ಅದರ ಜಾಗದಲ್ಲಿ ಕೂರಿಸಿದ.

ಸೂಲಗಿತ್ತಿಗೆ ನಾಚಿಕೆಯಾಗುತ್ತಿತ್ತು. ಸೊಸೆಯ ಮೇಲಿನ ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೆ ಅದರ ಕೆಳಗೆ ಬೇರೆ ಏನೋ ಕೊರೆಯುತ್ತಿತ್ತು. ಹಸಿರು ಬಾಗಿಲಿನವಳು ಹೆರಿಗೆಯಾದ ಮೇಲೆ ತನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಿದ್ದಳು. ಆ ಭಾಗವನ್ನು ತಾನು ಮೇಜಿನಲ್ಲಿ ಹೇಳಿರಲೇ ಇಲ್ಲ ಎನ್ನುವುದು ಈಗ ನೆನಪಾಯಿತು.

ಮರುದಿನ ಮಧ್ಯಾಹ್ನ ಅವಳು ಮಗನ ಬಸ್ಸನ್ನೇ ಹತ್ತಿ ಸೇತುವೆ ದಾಟಿದಳು. ಮೂಕಮ್ಮ ವರಾಂಡದಲ್ಲಿ ಅಕ್ಕಿ ಆರಿಸುತ್ತಿದ್ದಳು. ಇವಳನ್ನು ಕಂಡು ಮಣೆ ಸರಿಸಿದಳು, ಅಷ್ಟೇ.

“ನನ್ನ ಸೊಸೆಗೆ ಹೆರಿಗೆ ಮಾಡಿಸಬೇಕು.”

“ನೀನಿಲ್ವಾ?”

“ಒಂದೇ ಮನೆ. ನನಗೆ ವಿಮೆ ಇಲ್ಲ.”

ಮೂಕಮ್ಮ ತಲೆಯೆತ್ತಿ ಅವಳ ಮುಖ ನೋಡಿದಳು. ಡೈರಿಯ ಸುದ್ದಿ ಸೇತುವೆ ದಾಟದೆ ಇರುತ್ತದೆಯೇ? ಆದರೂ ಅವಳು ಏನೂ ಕೇಳಲಿಲ್ಲ. “ಬರ್ತೀನಿ,” ಎಂದಳು.

ಸೂಲಗಿತ್ತಿ ಅಕ್ಕಿಯ ಮೊರಕ್ಕೆ ಕೈ ಹಾಕಿ ಎರಡು ಕಲ್ಲು ಹೆಕ್ಕಿದಳು. ಆಮೇಲೆ ತಡೆಯಲಾಗಲಿಲ್ಲ.

“ಅವತ್ತು ಸಭೆಯಲ್ಲಿ ನಾನು ಮಾತಾಡ್ತಿದ್ದಾಗ ಯಾಕೆ ಎದ್ದು ಹೋದೆ?”

“ಯಾವತ್ತು?”

“ನನ್ನ ಮಗ ಆಗ ಸ್ಕೂಲಿಗೆ ಹೋಗ್ತಿದ್ದ.”

ಮೂಕಮ್ಮ ತುಂಬಾ ಯೋಚಿಸಿದಳು. “ಬಸ್ಸಿಗೆ ಹೊತ್ತಾಗಿತ್ತು.”

ಇಷ್ಟು ವರ್ಷ ಜೋಪಾನ ಮಾಡಿದ ಸಿಟ್ಟು ಒಂದೇ ಮಾತಿಗೆ ನೀರಾಗಿಹೋಯಿತು. ಸೂಲಗಿತ್ತಿ ನಕ್ಕಳು, ಜೋರಾಗಿ, ಕಣ್ಣಲ್ಲಿ ನೀರು ಬರುವವರೆಗೆ. ಮೂಕಮ್ಮನೂ ಸ್ವಲ್ಪ ನಕ್ಕಳು.

ಮನೆಗೆ ಬಂದವಳೇ ಸೂಲಗಿತ್ತಿ ಹೊರಗಿನ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಪಾತ್ರೆ ಇರಲಿಲ್ಲ. ಸೊಸೆ ಬಾಗಿಲು ತೆಗೆದು ಸರಿದು ನಿಂತಳು.

“ಮೂಕಮ್ಮ ಬರ್ತಾಳೆ. ಒಳ್ಳೇ ಕೈ. ನನಗಿಂತ ನಿಧಾನ, ಆದ್ರೆ ಒಳ್ಳೇದು. ನಾನು ಒಳಗೆ ಬರೋಲ್ಲ.”

“ಅತ್ತೆ…”

“ಕೇಳು. ನೀನು ಹೇಳಿದ್ದು ಸರಿ. ನನಗೆ ಸಿಟ್ಟೂ ಬಂದಿದೆ. ಎರಡೂ ನಿಜ.”

ಸೊಸೆ ಅತ್ತೆಯ ಹೆಗಲಿಗೆ ಹಣೆ ಹಚ್ಚಿದಳು. ತುಂಬಿದ ಹೊಟ್ಟೆ ನಡುವೆ ಬಂದು ಇಬ್ಬರಿಗೂ ನೆಟ್ಟಗೆ ನಿಲ್ಲಲಾಗಲಿಲ್ಲ. “ನಾಳೆಯಿಂದ ಕೆಳಗೇ ಉಣ್ತೀವಿ ಅತ್ತೆ. ಇವರಿಗೆ ಎರಡೆರಡು ಊಟ ಆಗಿ ಅಂಗಿ ಹಾಕೋಕೆ ಆಗ್ತಿಲ್ಲ,” ಎಂದಳು.

ಒಂದು ಬೆಳಗ್ಗೆ, ಮಗ ಬಸ್ಸಿಗೆ ಹೋದ ಮೇಲೆ, ಸೊಸೆಗೆ ನೋವು ಶುರುವಾಯಿತು. ಬೀಗದವನು ಅಂಗಡಿ ಮುಚ್ಚಿ ಮೂಕಮ್ಮನನ್ನು ಕರೆತಂದ. ಮೂಕಮ್ಮ ಚೀಲ ಇಳಿಸಿ, ಕೈ ತೊಳೆದು, ಕೆಳಗಿನ ಕೋಣೆಯ ಬಾಗಿಲಲ್ಲಿ ನಿಂತು ಸೂಲಗಿತ್ತಿಯ ಕಡೆ ನೋಡಿದಳು.

“ನೀರು ಕಾಯಿಸು.”

ನೀರು ಯಾಕೆ ಕಾಯಿಸುವುದು ಎಂದು ಸೂಲಗಿತ್ತಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜೀವಮಾನವಿಡೀ ಅತ್ತೆಯಂದಿರನ್ನು ಬಾಗಿಲಿನಿಂದ ದೂರ ಕಳಿಸಲು ಅವಳೇ ಹೂಡುತ್ತಿದ್ದ ಹೂಟ ಅದು. ಅಷ್ಟು ನೀರು ಯಾವ ಹೆರಿಗೆಗೂ ಬೇಕಾಗುವುದಿಲ್ಲ. ಆದರೂ ಹೋಗಿ ದೊಡ್ಡ ಪಾತ್ರೆ ತುಂಬಿ ಒಲೆಯ ಮೇಲಿಟ್ಟಳು. ಅದು ಕುದಿದಾಗ ಇಳಿಸಿ ಇನ್ನೊಂದು ಇಟ್ಟಳು.

ಗೋಡೆಯ ಆಚೆಯಿಂದ ಎಲ್ಲವೂ ಕೇಳುತ್ತಿತ್ತು. ಈ ನರಳಾಟ ಮೊದಲಿನದು, ಈಗ ನಡುವಿನದು, ಈಗ ಉಸಿರು ಹಿಡಿಯುತ್ತಿದ್ದಾಳೆ, ಹಿಡಿಯಬಾರದು, ಬಿಡಬೇಕು. ಅವಳ ಕೈಬೆರಳುಗಳು ತಮ್ಮಷ್ಟಕ್ಕೆ ಮಡಚಿ ಬಿಚ್ಚಿಕೊಳ್ಳುತ್ತಿದ್ದವು. ಒಮ್ಮೆ ಸೊಸೆ ಗಂಡನಿಗೆ ಬೈದಳು. ಆಮೇಲೆ ಬಸ್ಸಿಗೆ ಬೈದಳು. ಆಮೇಲೆ ನೀರು ಸರಬರಾಜು ಕಚೇರಿಯ ಮೇಲಧಿಕಾರಿಯನ್ನು ಹಿಡಿದುಕೊಂಡು ಜಾಲಾಡಿಸಿದಳು. ಅಷ್ಟು ವರ್ಷ ಕೌಂಟರಿನಲ್ಲಿ ಕೂತು ಕೇಳಿದ ಬೈಗುಳ ಒಂದೂ ವ್ಯರ್ಥವಾಗಿರಲಿಲ್ಲ. ಅಡುಗೆಮನೆಯಲ್ಲಿ ಸೂಲಗಿತ್ತಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಎಂಥಾ ಕಥೆ! ಇಂಥಾದ್ದು ಅವಳ ಸರ್ವೀಸಿನಲ್ಲೇ ಬಂದಿರಲಿಲ್ಲ.

ಮಧ್ಯಾಹ್ನವಾಗುತ್ತಿದ್ದಂತೆ ಬೈಗುಳ ನಿಂತಿತು. ಆಮೇಲೆ ಒಂದೇ ಒಂದು ಕೂಗು.

“ಅತ್ತೇ!”

ಸೂಲಗಿತ್ತಿ ಬಾಗಿಲ ತನಕ ಓಡಿದಳು. ಅಲ್ಲಿ ಕಾಲು ನಿಂತಿತು. ಒಳಗೆ ಬರುವುದಿಲ್ಲ ಎಂದು ತಾನೇ ಹೇಳಿದ್ದಳು. ಬಾಗಿಲು ಒಳಗಿನಿಂದ ತೆರೆಯಿತು.

“ಕರೀತಿದ್ದಾಳೆ, ಬಾ,” ಎಂದಳು ಮೂಕಮ್ಮ. “ಇಲ್ಲಿ ಸೂಲಗಿತ್ತಿ ನಾನು. ನೀನು ತಲೆ ಕಡೆ ಕೂತ್ಕೋ. ಕೈ ಅವಳಿಗೆ ಕೊಡು. ಕಣ್ಣು ಗೋಡೆ ಮೇಲಿಡು.”

ಸೂಲಗಿತ್ತಿ ಕೂತಳು. ಕೈ ಕೊಟ್ಟಳು. ಗೋಡೆ ನೋಡಿದಳು. ಸುಣ್ಣ ಎದ್ದು ಬಂದಿದ್ದ ಒಂದು ಜಾಗವನ್ನು ನೋಡುತ್ತ, ತಿರುಗಬೇಕೆನ್ನುವ ಕತ್ತನ್ನು ಬಿಗಿ ಹಿಡಿದು, “ಆಯ್ತು ಮಗಳೇ, ಆಯ್ತು,” ಎನ್ನುತ್ತಿದ್ದಳು. ಬೇರೆ ಮನೆಗಳಲ್ಲಿ ಅದೇ ಮಾತನ್ನು ಎಷ್ಟೋ ಸಲ ಹೇಳಿದ್ದಳು. ಆದರೆ ಇಷ್ಟು ಹೆದರಿಕೊಂಡು ಎಂದೂ ಹೇಳಿರಲಿಲ್ಲ. ಕೊನೆಯ ನೋವಿಗೆ ಸೊಸೆ ಆ ಕೈಯನ್ನು ಬಾಯಿಗೆ ಎಳೆದುಕೊಂಡು ಮಣಿಕಟ್ಟಿನ ಮೇಲೆ ಕಚ್ಚಿದಳು. ಸೂಲಗಿತ್ತಿ ತುಟಿ ಪಿಟಕ್ಕೆನ್ನಲಿಲ್ಲ. ಮಗು ಅತ್ತದ್ದು ಕೇಳಿದ ಮೇಲೂ ಮೂಕಮ್ಮ “ಇನ್ನು ನೋಡು” ಎನ್ನುವವರೆಗೆ ಗೋಡೆಯನ್ನೇ ನೋಡುತ್ತಿದ್ದಳು.

ಹೆಣ್ಣು ಮಗು. ಮೂಕಮ್ಮ ಒರೆಸಿ ಬಟ್ಟೆ ಸುತ್ತಿ ತಾಯಿಗೆ ಕೊಟ್ಟಳು. ತಾಯಿ ನೋಡಿದಳು, ಮುದ್ದಿಸಿದಳು, ಆಮೇಲೆ ತಾನಾಗಿಯೇ ಅತ್ತೆಯ ಮಡಿಲಿಗೆ ಇಟ್ಟಳು. ಮೊದಲು ಹಿಡಿದ ಕೈ ತನ್ನದಾಗಿರಲಿಲ್ಲ. ಅದಕ್ಕಾಗಿ ಇಷ್ಟು ದಿನ ಹೊಡೆದಾಡಿದ್ದು ಸೂಲಗಿತ್ತಿಗೆ ಆಗ ನೆನಪಿಗೂ ಬರಲಿಲ್ಲ. ಅವಳು ಹುಚ್ಚಿಯಂತೆ ಅಳುತ್ತಿದ್ದಳು.

ಒಂದು ವಾರ ಕಳೆದು ಸೊಸೆ ಮೊದಲ ಸಲ ಎದ್ದು ಬಂದು ಮೇಜಿಗೆ ಕೂತಳು. ಅದೇ ಹೊತ್ತಿಗೆ ರಸೀದಿ ಕೊಡಲು ಬಂದ ವಿಮೆಯವನನ್ನು ಬೀಗದವನು ಊಟಕ್ಕೆ ಎಳೆದು ಕೂರಿಸಿದ್ದ. ಮಗು ಅಜ್ಜಿಯ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು.

“ಹೆರಿಗೆ ಹೇಗಾಯ್ತು ಮೇಡಂ?” ಎಂದು ವಿಮೆಯವನು ಕೇಳಿದ.

ಎಲ್ಲರ ಮುಖವೂ ರೂಢಿಯಂತೆ ಸೂಲಗಿತ್ತಿಯ ಕಡೆ ತಿರುಗಿತು. ಅವಳು ಬೇಳೆ ಬಡಿಸುತ್ತಿದ್ದಳು. “ನನ್ನನ್ನೇನು ಕೇಳ್ತೀರ? ಹೆತ್ತವಳು ಅಲ್ಲಿ ಕೂತಿದ್ದಾಳೆ.”

ಸೊಸೆ ಅತ್ತೆಯನ್ನು ನೋಡಿದಳು. ಅನ್ನ ಕಲಸುವುದನ್ನು ನಿಲ್ಲಿಸಿದಳು. ಆಮೇಲೆ ಶುರು ಮಾಡಿದಳು. ಬೆಳಗ್ಗೆ ನೋವು ಬಂದದ್ದು, ಮಾವ ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಅಜ್ಜಿಯ ಚಪ್ಪಲಿ ಹಾಕಿಕೊಂಡು ಓಡಿದ್ದು, ಮೂಕಮ್ಮ ಬಂದು ನಾಲ್ಕೇ ಮಾತಾಡಿದ್ದು. ಬೀಗದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೆ ಹುರುಪು ಬಂತು. ಕೈ ಆಡಿಸುತ್ತ, ದನಿ ಏರಿಸಿ ಇಳಿಸಿ ಹೇಳುತ್ತಿದ್ದಳು. ಅರ್ಧ ದಿನದ ನೋವು ಎರಡು ದಿನದ್ದಾಗಿತ್ತು.

“ಅಷ್ಟಾದ್ರೂ ನಾನು ಒಂದು ಸಲಾನೂ ಕಿರುಚಲಿಲ್ಲ. ಯಾರಿಗೂ ಒಂದು ಕೆಟ್ಟ ಮಾತು ಅನ್ನಲಿಲ್ಲ,” ಎಂದಳು ಸೊಸೆ.

“ನಿಜ, ನನಗೇನೂ ಕೇಳಿಸಲಿಲ್ಲ,” ಎಂದಳು ಅಜ್ಜಿ.

ಮಗನಿಗೆ ನಂಬಿಕೆ ಬರಲಿಲ್ಲ. “ಅಮ್ಮಾ, ನೀನು ಮನೇಲೇ ಇದ್ಯಲ್ಲ. ಇವಳು ಹೇಳ್ತಿರೋದು ನಿಜಾನಾ?”

ಸೊಸೆಯ ಕೈ ತಟ್ಟೆಯಲ್ಲೇ ನಿಂತಿತು.

“ನನಗೇನೋ ಗೊತ್ತು? ನಾನು ಅಡುಗೆಮನೆಯಲ್ಲಿ ನೀರು ಕಾಯಿಸ್ತಿದ್ದೆ,” ಎಂದ ಸೂಲಗಿತ್ತಿ, ಇನ್ನೂ ನೀಲಿಗಟ್ಟಿದ್ದ ಮಣಿಕಟ್ಟು ಕಾಣದಂತೆ ಸೆರಗನ್ನು ಅದರ ಮೇಲೆ ಎಳೆದುಕೊಂಡಳು. ಸೌಟು ಕೆಳಗಿಟ್ಟು, ಕುರ್ಚಿ ಎಳೆದು ಸೊಸೆಯ ಎದುರಿಗೆ ಕೂತಳು.

“ಹೂಂ, ಆಮೇಲೆ?”